ಓದುಗ ಬದಲಾದಂತೆ ಬರಹ: ಕನ್ನಡ ವಿಜ್ಞಾನ ಸಾಹಿತ್ಯದ ಹಾದಿ

ಕನ್ನಡದಲ್ಲಿ ಶಾಸ್ತ್ರ ವಿಷಯಗಳನ್ನು ಬರೆಯುವ ಪರಂಪರೆಗೆ ಸುಮಾರು ಸಾವಿರ ವರ್ಷಗಳ ಇತಿಹಾಸವಿದೆ. ಈ ಹಾದಿಯ ಉದ್ದಕ್ಕೂ ಒಂದು ಸಂಗತಿ ಎದ್ದು ಕಾಣುತ್ತದೆ: ಓದುಗ ಯಾರೆಂದು ಮೊದಲೇ ನಿರ್ಧರಿಸಿಕೊಂಡವರ ಬರಹ ಬಾಳಿದೆ, ಅದಕ್ಕೆ ತಕ್ಕ ರೂಪವೂ ದಕ್ಕಿದೆ.

ಹನ್ನೊಂದನೇ ಶತಮಾನದ ಇಮ್ಮಡಿ ಚಾವುಂಡರಾಯ ತನ್ನ 'ಲೋಕೋಪಕಾರ'ದಲ್ಲಿ ಅಂತರ್ಜಲ ಪತ್ತೆ, ಗಿಡಮರಗಳ ಆರೈಕೆ, ಅಡುಗೆ, ವೈದ್ಯ ಎಲ್ಲವನ್ನೂ ಪದ್ಯದಲ್ಲಿ ಹೇಳಿದ. ಮುಂದಿನ ಶತಮಾನದಲ್ಲಿ ರಾಜಾದಿತ್ಯ ಗಣಿತ ಬರೆದ. ಹದಿನಾರನೇ ಶತಮಾನದ ಆರಂಭದಲ್ಲಿ ಮೂರನೆಯ ಮಂಗರಸ ಅಡುಗೆಯ ಕುರಿತ 'ಸೂಪಶಾಸ್ತ್ರ'ವನ್ನು ಷಟ್ಪದಿಯಲ್ಲಿ ರಚಿಸಿದ. ಓಲೆಗರಿಯ ಪ್ರತಿ ಎಲ್ಲರ ಕೈಗೂ ಸಿಗದ ಕಾಲವದು. ಕಲಿತದ್ದು ನಾಲಗೆಯ ಮೇಲೆ ನಿಲ್ಲಬೇಕಿತ್ತು. ಆ ಕೆಲಸಕ್ಕೆ ಛಂದಸ್ಸು ಒದಗಿಬಂತು.

ಅಚ್ಚುಕೂಟ ಮತ್ತು ಶಾಲೆ ಬಂದ ಮೇಲೆ ಗದ್ಯ ಮುಂದಾಯಿತು. 1918ರಲ್ಲಿ ಬೆಳ್ಳಾವೆ ವೆಂಕಟನಾರಣಪ್ಪನವರು ಬೆಂಗಳೂರಿನಿಂದ 'ವಿಜ್ಞಾನ' ಮಾಸಪತ್ರಿಕೆ ಹೊರತಂದರು. ಇಂಗ್ಲಿಷ್ ಬಾರದವರಿಗೂ ಹೊಸ ವಿಜ್ಞಾನ ತಲುಪಬೇಕೆಂಬುದು ಅದರ ಆಶಯ. ಪತ್ರಿಕೆ ಬಹುಕಾಲ ನಡೆಯದಿದ್ದರೂ ದಾರಿ ತೆರೆಯಿತು. 1930ರ ದಶಕದಲ್ಲಿ ಮೈಸೂರು ವಿಶ್ವವಿದ್ಯಾನಿಲಯದ ಅಧ್ಯಾಪಕರು ಊರೂರಿಗೆ ಹೋಗಿ ಉಪನ್ಯಾಸ ಕೊಟ್ಟರು. ಅವು ಕಿರುಹೊತ್ತಗೆಗಳಾಗಿ ಅಚ್ಚಾದವು. ಎದುರಿಗೆ ಕೂತ ಜನರಿಗಾಗಿ ಹೇಳಿದ ಮಾತೇ ಇಲ್ಲಿ ಪುಸ್ತಕದ ಭಾಷೆಯಾಯಿತು. ಅದೇ ದಶಕದಲ್ಲಿ ಶಿವರಾಮ ಕಾರಂತರು ಮಕ್ಕಳಿಗಾಗಿ 'ಬಾಲ ಪ್ರಪಂಚ'ದ ಮೂರು ಸಂಪುಟ ಸಿದ್ಧಪಡಿಸಿದರು. ಮುಂದೆ ದೊಡ್ಡವರಿಗೆಂದು ನಾಲ್ಕು ಸಂಪುಟಗಳ 'ವಿಜ್ಞಾನ ಪ್ರಪಂಚ' ಬರೆದರು.

ಸ್ವಾತಂತ್ರ್ಯಾನಂತರ ಓದುಗ ವರ್ಗ ಕವಲೊಡೆಯಿತು. ವೈದ್ಯೆ ಅನುಪಮಾ ನಿರಂಜನ 'ತಾಯಿ-ಮಗು', 'ಕೇಳು ಕಿಶೋರಿ' ಪುಸ್ತಕಗಳಲ್ಲಿ ಹೆಣ್ಣುಮಕ್ಕಳು ಬಾಯಿಬಿಟ್ಟು ಕೇಳಲು ಸಂಕೋಚಪಡುವ ಸಂಗತಿಗಳನ್ನು ನೇರವಾಗಿ ವಿವರಿಸಿದರು. ಜೆ.ಆರ್. ಲಕ್ಷ್ಮಣರಾವ್, ಜಿ.ಟಿ. ನಾರಾಯಣರಾವ್ ಅವರಂಥವರು ವಿಜ್ಞಾನದ ಕನ್ನಡವನ್ನು ಹದಗೊಳಿಸಿದರು. 1978ರಲ್ಲಿ ವಿದ್ಯಾರ್ಥಿಗಳಿಗೆಂದು 'ಬಾಲವಿಜ್ಞಾನ' ಪತ್ರಿಕೆ ಬಂತು.

ವಿಜ್ಞಾನ ಓದಬೇಕೆಂಬ ಉದ್ದೇಶವೇ ಇಲ್ಲದವರನ್ನು ಸೆಳೆದದ್ದು ಸಸ್ಯವಿಜ್ಞಾನಿ ಬಿ.ಜಿ.ಎಲ್. ಸ್ವಾಮಿ. 'ಹಸುರು ಹೊನ್ನು' ವಿದ್ಯಾರ್ಥಿಗಳೊಂದಿಗೆ ಕಾಡು ಸುತ್ತಿದ ಪ್ರವಾಸಕಥನ. ಹರಟೆ, ತುಂಟತನ, ಹಳೆಗನ್ನಡ ಕಾವ್ಯದ ನೆನಪುಗಳ ನಡುವೆ ಸಸ್ಯದ ಕುಲಗೋತ್ರ ಬಿಚ್ಚಿಕೊಳ್ಳುತ್ತದೆ. ಪಕ್ಕದಲ್ಲೇ ಲೇಖಕರು ಸ್ವತಃ ಬಿಡಿಸಿದ ಚಿತ್ರಗಳಿವೆ. ಈ ಪುಸ್ತಕಕ್ಕೆ 1978ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಸಂದಿತು. ಪೂರ್ಣಚಂದ್ರ ತೇಜಸ್ವಿಯವರ 'ಪರಿಸರದ ಕತೆ'ಯಲ್ಲಿ ಮಾರ, ಪ್ಯಾರ, 'ಕಿವಿ' ಎಂಬ ನಾಯಿ ಇವರ ಜೊತೆಯಲ್ಲೇ ಓದುಗ ಮಲೆನಾಡಿನ ಜೀವಜಾಲಕ್ಕೆ ಇಳಿಯುತ್ತಾನೆ.

1988ರಲ್ಲಿ ಪುತ್ತೂರಿನಿಂದ ಹೊರಟ 'ಅಡಿಕೆ ಪತ್ರಿಕೆ' ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ಕೃಷಿಕರ ಕೈಗೇ ಲೇಖನಿ ಕೊಟ್ಟಿತು. ತೋಟದವನು ತೋಟದವನಿಗೆ ಬರೆಯುವಾಗ ಪೀಠಿಕೆ ಬೇಕಾಗುವುದಿಲ್ಲ. ಎಷ್ಟು ಖರ್ಚಾಯಿತು, ಎಲ್ಲಿ ಎಡವಟ್ಟಾಯಿತು, ಕೂಲಿಯಾಳು ಸಿಗದಾಗ ಏನು ಮಾಡಿದೆ ಎಂಬುದೇ ಲೇಖನದ ತಿರುಳು.

ಇವತ್ತು ಆರೋಗ್ಯ, ಕೃಷಿ, ತಂತ್ರಜ್ಞಾನದ ಮಾಹಿತಿ ಮೊಬೈಲಿನಲ್ಲಿ ಧಾರಾಳವಾಗಿ ಸಿಗುತ್ತದೆ. ಅದರಲ್ಲಿ ಬಹುಪಾಲು ಎಲ್ಲರಿಗೂ ಎಂದು ಬರೆದದ್ದು, ಹಾಗಾಗಿ ಯಾರಿಗೂ ನಾಟುವುದಿಲ್ಲ. ಮಧುಮೇಹವಿದ್ದೂ ಮೂರು ಹೊತ್ತು ಮುದ್ದೆ ಉಣ್ಣುವ ರೈತನಿಗೆ, ಮನೆಮನೆ ಸುತ್ತುವ ಆಶಾ ಕಾರ್ಯಕರ್ತೆಗೆ, ಪಂಪ್‌ಸೆಟ್ ರಿಪೇರಿ ಮಾಡುವ ಹುಡುಗನಿಗೆ ಬೇಕಾದ ಪುಸ್ತಕಗಳು ಬೇರೆಬೇರೆ. ಅವರಲ್ಲಿ ಒಬ್ಬರನ್ನು ಆರಿಸಿಕೊಂಡು ಬರೆಯಲು ಕೂರುವ ಲೇಖಕರು ಕನ್ನಡಕ್ಕೆ ಈಗ ತುರ್ತಾಗಿ ಬೇಕಾಗಿದ್ದಾರೆ.