ಆಟದಂಗಳದಲ್ಲಿ ವಿದ್ಯಾಪೀಠಗಳ ಪೈಪೋಟಿ

1892ನೆಯ ಇಸವಿಯಲ್ಲಿ ಅಮೆರಿಕಾ ಸಂಯುಕ್ತ ಸಂಸ್ಥಾನಗಳ ಷಿಕಾಗೋ ನಗರದಲ್ಲಿ ಒಂದು ಹೊಸ ವಿಶ್ವವಿದ್ಯಾನಿಲಯವು ಬಾಗಿಲು ತೆರೆಯಿತು. ಎಣ್ಣೆಯ ವ್ಯಾಪಾರದಲ್ಲಿ ಕುಬೇರನಾಗಿದ್ದ ರಾಕ್‌ಫೆಲರನ ದತ್ತಿಯಿಂದ ಹುಟ್ಟಿದ ಸಂಸ್ಥೆಯದು. ಅದರ ಮೊದಲ ಅಧ್ಯಕ್ಷನಾದ ವಿಲಿಯಮ್ ರೇನಿ ಹಾರ್ಪರನು ಹೀಬ್ರೂ ಭಾಷೆಯಲ್ಲಿ ಪಾರಂಗತನಾದ ಪಂಡಿತ. ಆತನು ಹೆಸರಾಂತ ವಿದ್ವಾಂಸರನ್ನು ಹೆಚ್ಚಿನ ಸಂಬಳ ಕೊಟ್ಟು ಇತರ ವಿದ್ಯಾಪೀಠಗಳಿಂದ ಬರಮಾಡಿಕೊಂಡನು. ಅವರೊಡನೆಯೇ, ಏಲ್‌ನಲ್ಲಿ ತನ್ನ ಶಿಷ್ಯನಾಗಿದ್ದ ಆಮಾಸ್ ಅಲಾಂಜೊ ಸ್ಟ್ಯಾಗ್ ಎಂಬ ಆಟಗಾರನನ್ನೂ ಕರೆಸಿ, ಪ್ರಾಧ್ಯಾಪಕರಿಗೆ ಸಮನಾದ ಖಾಯಂ ಪದವಿಯಲ್ಲಿ ಕೂರಿಸಿದನು. ಹೀಬ್ರೂ ಪಂಡಿತನಿಗೆ ಕಾಲ್ಚೆಂಡಿನಲ್ಲಿ ಏಕಿಷ್ಟು ಆಸ್ಥೆಯೆಂದರೆ, ಹೊಸ ಸಂಸ್ಥೆಯ ಹೆಸರು ಊರೂರಿಗೆ ಹಬ್ಬಬೇಕಾದರೆ ಗ್ರಂಥಗಳಿಗಿಂತ ಆಟವೇ ಬೇಗ ಕೆಲಸಮಾಡುವುದೆಂಬುದನ್ನು ಆತನು ಚೆನ್ನಾಗಿ ಬಲ್ಲವನಾಗಿದ್ದನು.

ಆ ದೇಶದಲ್ಲಿ ಉಚ್ಚ ಶಿಕ್ಷಣವು ಎರಡು ಬಗೆಯ ಆಶ್ರಯದಲ್ಲಿ ಬೆಳೆದಿದೆ. ದಾನಿಗಳ ದತ್ತಿಯನ್ನೂ ವಿದ್ಯಾರ್ಥಿಗಳ ಶುಲ್ಕವನ್ನೂ ನಂಬಿದ ಖಾಸಗಿ ವಿದ್ಯಾಪೀಠಗಳು ಒಂದು ಬಗೆ; ಆಯಾ ಸಂಸ್ಥಾನದ ಶಾಸನಸಭೆಯು ಪ್ರಜೆಗಳ ತೆರಿಗೆಯಿಂದ ಪೋಷಿಸುವ ಸರಕಾರಿ ವಿದ್ಯಾಪೀಠಗಳು ಇನ್ನೊಂದು ಬಗೆ. ಆಟದ ಮೇಲೆ ಹಣ ಸುರಿಯುವ ಚಾಳಿಯನ್ನು ಹಾಕಿಕೊಟ್ಟವು ಖಾಸಗಿ ವಿದ್ಯಾಪೀಠಗಳೇ. 1852ರಲ್ಲಿ ಹಾರ್ವರ್ಡ್ ಮತ್ತು ಏಲ್ ವಿದ್ಯಾರ್ಥಿಗಳ ನಡುವೆ ನಡೆದ ದೋಣಿಯ ಪಂದ್ಯದ ಖರ್ಚನ್ನು ಒಂದು ರೈಲ್ವೆ ಕಂಪೆನಿಯು ಹೊತ್ತಿತ್ತು. ನೋಡಲು ಬರುವ ಜನ ರೈಲು ಹತ್ತುವರೆಂಬುದೇ ಅದರ ಲೆಕ್ಕಾಚಾರ. 1903ರಲ್ಲಿ ಹಾರ್ವರ್ಡ್ ಕಾಂಕ್ರೀಟಿನ ಕ್ರೀಡಾಂಗಣವನ್ನು ಕಟ್ಟಿಸಿತು. 1914ರಲ್ಲಿ ಏಲ್ ಸುಮಾರು 70,000 ಜನ ಕೂರುವ ಬಟ್ಟಲಿನಾಕಾರದ ಇನ್ನೊಂದನ್ನು ಕಟ್ಟಿಸಿ ಅದನ್ನು ಮೀರಿಸಿತು.

ಈ ಆಟಕ್ಕೆ ಕಾಲ್ಚೆಂಡೆಂದು ಹೆಸರಿದ್ದರೂ ಚೆಂಡು ಬಹುಪಾಲು ಕೈಯಲ್ಲೇ ಇರುತ್ತದೆ. ಒಬ್ಬರ ಮೇಲೊಬ್ಬರು ಬೀಳುವುದೇ ಅದರ ಜೀವಾಳ. 1905ರಲ್ಲಿ ಹಲವು ಆಟಗಾರರು ಗಾಯಗೊಂಡು ಮೃತರಾದುದರಿಂದ ರಾಷ್ಟ್ರಾಧ್ಯಕ್ಷ ಥಿಯೊಡೋರ್ ರೂಸ್‌ವೆಲ್ಟನೇ ವಿದ್ಯಾಪೀಠಗಳ ಪ್ರತಿನಿಧಿಗಳನ್ನು ಕರೆಸಿ ಬುದ್ಧಿಹೇಳಬೇಕಾಯಿತು. ಮಾರನೆಯ ವರ್ಷ ಇದಕ್ಕಾಗಿ ಒಂದು ಸಂಘವು ಸ್ಥಾಪಿತವಾಯಿತು. 1910ರಿಂದ ಅದು ರಾಷ್ಟ್ರೀಯ ಕಾಲೇಜು ಕ್ರೀಡಾ ಸಂಘವೆಂಬ ಹೆಸರಿನಲ್ಲಿ ನಡೆದುಬಂದಿದೆ. ಅದೇ 1905ರ ನವೆಂಬರಿನಲ್ಲಿ ಸ್ಟ್ಯಾಗನ ಷಿಕಾಗೋ ತಂಡವು, 56 ಆಟಗಳಲ್ಲಿ ಸೋಲೆಂಬುದನ್ನೇ ಕಾಣದಿದ್ದ ಮಿಷಿಗನ್ ಸರಕಾರಿ ವಿಶ್ವವಿದ್ಯಾನಿಲಯದ ತಂಡವನ್ನು 2-0 ಅಂತರದಿಂದ ಸೋಲಿಸಿತು. ಖಾಸಗಿ ದತ್ತಿಯ ಸಂಸ್ಥೆಗೆ ಅದು ಪರಮ ವೈಭವದ ದಿನವಾಗಿದ್ದಿತು.

ಆದರೆ ತಕ್ಕಡಿಯು ನಿಧಾನವಾಗಿ ಇನ್ನೊಂದು ಕಡೆಗೆ ವಾಲತೊಡಗಿತು. ಮೊದಲನೆಯ ಮಹಾಯುದ್ಧದ ತರುವಾಯ ಸರಕಾರಿ ವಿದ್ಯಾಪೀಠಗಳಲ್ಲಿ ವಿದ್ಯಾರ್ಥಿಗಳ ಸಂಖ್ಯೆಯು ಉಕ್ಕಿತು. ಒಬ್ಬ ರೈತನ ಮಗನು ಅಲ್ಲಿ ಓದದಿದ್ದರೂ ರೈತನಿಗೆ ಅದು ತನ್ನ ಸಂಸ್ಥಾನದ ತಂಡವೇ. ಈ ಅಭಿಮಾನವನ್ನು ಯಾವ ಕೋಟ್ಯಧೀಶನ ದತ್ತಿಯೂ ಕೊಂಡುತರಲಾರದು. 1922ರಲ್ಲಿ ಒಹಾಯೊ, 1923ರಲ್ಲಿ ಇಲಿನಾಯ್ ಸರಕಾರಿ ವಿಶ್ವವಿದ್ಯಾನಿಲಯಗಳು ಭಾರಿ ಕ್ರೀಡಾಂಗಣಗಳನ್ನು ತೆರೆದವು. ಮಿಷಿಗನ್ನಿನ ಫೀಲ್ಡಿಂಗ್ ಯೋಸ್ಟನು ಹಿಂದೆ ಬೀಳುವವನಲ್ಲ. ತೆರಿಗೆಯ ಹಣವನ್ನು ಮುಟ್ಟದೆ, ತಲಾ 500 ಡಾಲರಿನ 3,000 ಸಾಲಪತ್ರಗಳನ್ನು ಹೊರಡಿಸಿ, ಕೊಂಡವರಿಗೆ ಒಳ್ಳೆಯ ಸ್ಥಳದಲ್ಲಿ ಟಿಕೆಟು ಕೊಳ್ಳುವ ಹಕ್ಕನ್ನು ಕೊಟ್ಟು, 1927ರಲ್ಲಿ 72,000 ಆಸನಗಳ ಕ್ರೀಡಾಂಗಣವನ್ನು ಎಬ್ಬಿಸಿದನು. ಬಹುಕಾಲದ ಮೇಲೆ ಅದರ ಆಸನಗಳು ಲಕ್ಷವನ್ನು ಮೀರಿದವು.

ಇಷ್ಟು ಆಸನಗಳನ್ನು ಕಟ್ಟಿದ ಮೇಲೆ ಅವುಗಳನ್ನು ತುಂಬಿಸಲೇಬೇಕು, ತುಂಬಿಸಬೇಕಾದರೆ ಗೆಲ್ಲಲೇಬೇಕು, ಗೆಲ್ಲಬೇಕಾದರೆ ಬಲಶಾಲಿಗಳನ್ನು ಹುಡುಕಿ ತರಲೇಬೇಕು. 1929ರಲ್ಲಿ ಕಾರ್ನೆಗಿ ಪ್ರತಿಷ್ಠಾನವು ನೂರಕ್ಕೆ ಮಿಕ್ಕಿದ ವಿದ್ಯಾಸಂಸ್ಥೆಗಳನ್ನು ಪರೀಕ್ಷಿಸಿ ಪ್ರಕಟಿಸಿದ ವರದಿಯಲ್ಲಿ, ಆಟಗಾರರಿಗೆ ಗುಟ್ಟಾಗಿಯೂ ಬಹಿರಂಗವಾಗಿಯೂ ಸಹಾಯಧನ ಸಲ್ಲುತ್ತಿದ್ದುದು ಹೊರಬಿದ್ದಿತು. ವರದಿಯನ್ನು ಎಲ್ಲರೂ ಹೊಗಳಿದರು, ಅನುಸರಿಸಿದವರು ವಿರಳ.

ಅದೇ ವರ್ಷ ರಾಬರ್ಟ್ ಹಚಿನ್ಸನು ತನ್ನ ಮೂವತ್ತನೆಯ ವಯಸ್ಸಿನಲ್ಲಿ ಷಿಕಾಗೋ ವಿಶ್ವವಿದ್ಯಾನಿಲಯದ ಅಧ್ಯಕ್ಷನಾದನು. ಆ ವೇಳೆಗೆ ಸ್ಟ್ಯಾಗನ ತಂಡವು ಕ್ಷೀಣಿಸಿತ್ತು. ನೆರೆಯ ಸರಕಾರಿ ವಿದ್ಯಾಪೀಠಗಳಲ್ಲಿ ವ್ಯಾಯಾಮಶಿಕ್ಷಣವೇ ಒಂದು ಪದವಿಯ ವಿಷಯ. ಷಿಕಾಗೋದಲ್ಲಾದರೋ ಆಟಗಾರನೂ ಇತರರಂತೆಯೇ ಕಠಿಣ ಪರೀಕ್ಷೆಗಳನ್ನು ಎದುರಿಸಬೇಕು. 1932ರ ಬಳಿಕ ಎಪ್ಪತ್ತು ವರ್ಷದ ಸ್ಟ್ಯಾಗನಿಗೆ ವಯೋಮಿತಿಯ ಮೇರೆಗೆ ವಿಶ್ರಾಂತಿ ಕೊಡಲಾಯಿತು. ವೃದ್ಧನು ವಿಶ್ರಮಿಸಲೊಲ್ಲದೆ ಕ್ಯಾಲಿಫೋರ್ನಿಯಾದ ಒಂದು ಚಿಕ್ಕ ಕಾಲೇಜಿಗೆ ಹೋಗಿ ಆಟ ಕಲಿಸತೊಡಗಿದನು. 1935ರಲ್ಲಿ ಷಿಕಾಗೋದ ಜೇ ಬರ್ವ್ಯಾಂಗರನಿಗೆ ಮುಂದೆ ಹೈಸ್ಮನ್ ಪಾರಿತೋಷಕವೆಂದು ಪ್ರಸಿದ್ಧವಾದ ಗೌರವವು ಎಲ್ಲರಿಗಿಂತ ಮೊದಲು ದೊರೆತುದು ಆರುವ ದೀಪದ ಕುಡಿ ಉರಿದಂತಾಯಿತು. 1939ರಲ್ಲಿ ಹಾರ್ವರ್ಡಿನ ಎದುರು 61-0, ಒಹಾಯೊ ಎದುರು 61-0, ಮಿಷಿಗನ್ನಿನ ಎದುರು 85-0; ಹಿಂದೆ 56 ಆಟಗಳ ಗರ್ವವನ್ನು ಮುರಿದಿದ್ದ ಸಂಸ್ಥೆಗೆ ಒದಗಿದ ಗತಿಯಿದು.

ಹಚಿನ್ಸನ ಮುಂದೆ ಎರಡೇ ದಾರಿಗಳಿದ್ದವು. ನೆರೆಯವರಂತೆ ಹಣವನ್ನೂ ನಿಯಮಗಳನ್ನೂ ಸಡಿಲಬಿಡುವುದು. ಇಲ್ಲವೆ ಪೈಪೋಟಿಯಿಂದ ಹೊರಬೀಳುವುದು. 1939ರ ಡಿಸೆಂಬರಿನಲ್ಲಿ ಆಡಳಿತಮಂಡಲಿಯು ಕಾಲ್ಚೆಂಡಿನ ತಂಡವನ್ನೇ ವಿಸರ್ಜಿಸಿತು. ಹಳೆಯ ವಿದ್ಯಾರ್ಥಿಗಳಲ್ಲಿ ಅನೇಕರು ಕ್ರುದ್ಧರಾದರು. ಮೂರು ವರ್ಷಗಳ ತರುವಾಯ, 1942ರ ಡಿಸೆಂಬರ್ 2ರಂದು, ಸ್ಟ್ಯಾಗನ ಹೆಸರಿನ ಆ ಬರಿದಾದ ಕ್ರೀಡಾಂಗಣದ ಮೆಟ್ಟಿಲುಗಳ ಕೆಳಗಣ ಕೋಣೆಯಲ್ಲಿ ಎನ್ರಿಕೊ ಫರ್ಮಿಯೂ ಸಂಗಡಿಗರೂ ಪರಮಾಣುವಿನ ಸರಣಿಕ್ರಿಯೆಯನ್ನು ಮನುಷ್ಯನ ಹತೋಟಿಯಲ್ಲಿ ಮೊಟ್ಟಮೊದಲು ನಡೆಸಿದರು. ಆಟ ನಿಂತುದರಿಂದ ಈ ಶೋಧವಾಯಿತೆಂದು ಹೇಳುವುದು ಅತಿಶಯೋಕ್ತಿ. ಸ್ಥಳ ತೆರವಾಗಿದ್ದುದು ಮಾತ್ರ ನಿಜ. 1970ರಲ್ಲಿ ಆ ನೆಲದ ಮೇಲೆ ದೊಡ್ಡ ಪುಸ್ತಕಭಂಡಾರವು ತೆರೆಯಿತು. ಕಾಲ್ಚೆಂಡೂ 1969ರಲ್ಲಿ ಮರಳಿತು, ಆದರೆ ಚಿಕ್ಕ ಪ್ರಮಾಣದಲ್ಲಿ.

ಇತರರು ಷಿಕಾಗೋದ ದಾರಿಯನ್ನು ಹಿಡಿಯಲಿಲ್ಲ. 1956ರಿಂದ ಆಟಕ್ಕಾಗಿಯೇ ಪೂರ್ಣ ವಿದ್ಯಾರ್ಥಿವೇತನವನ್ನು ಕೊಡಲು ಸಂಘವು ಅನುಮತಿಯಿತ್ತಿತು. 1984ರಲ್ಲಿ ಪರಮೋಚ್ಚ ನ್ಯಾಯಾಲಯವು ದೂರದರ್ಶನದ ಹಣದ ಮೇಲಿದ್ದ ಸಂಘದ ಹಿಡಿತವನ್ನು ಮುರಿದುದರಿಂದ ಬೊಕ್ಕಸಗಳ ಕಟ್ಟೆಯೇ ಒಡೆಯಿತು. ಆ ದಾವೆಯನ್ನು ಹೂಡಿದವು ಒಕ್ಲಹೋಮ ಮತ್ತು ಜಾರ್ಜಿಯಾಗಳ ಸರಕಾರಿ ವಿದ್ಯಾಪೀಠಗಳೆಂಬುದು ಗಮನಾರ್ಹ.

ಟೆಕ್ಸಾಸಿನ ಡಲ್ಲಾಸ್ ನಗರದಲ್ಲಿರುವ ಸದರ್ನ್ ಮೆಥಡಿಸ್ಟ್ ಎಂಬ ಖಾಸಗಿ ವಿಶ್ವವಿದ್ಯಾನಿಲಯವು ತನಗಿಂತ ಎಷ್ಟೋ ದೊಡ್ಡವಾದ ಟೆಕ್ಸಾಸ್ ಸರಕಾರಿ ವಿದ್ಯಾಪೀಠಗಳ ಸಮನಾಗಿ ನಿಲ್ಲಲು ಹವಣಿಸಿತು. ಅಭಿಮಾನಿಗಳ ಹಣವು ಗುಟ್ಟಾಗಿ ಆಟಗಾರರ ಕೈಸೇರಿತು. ಸಂಘವು 1987ರ ಋತುವನ್ನೇ ರದ್ದುಗೊಳಿಸಿ ಶಿಕ್ಷಿಸಿತು. 1988ರಲ್ಲಿಯೂ ತಂಡವು ಕಣಕ್ಕಿಳಿಯಲಿಲ್ಲ. ಮೂರು ದಶಕಗಳಿಗೂ ಹೆಚ್ಚಿನ ವನವಾಸವನ್ನು ಕಳೆದು 2024ರಲ್ಲಿ ಅದು ಅಟ್ಲಾಂಟಿಕ್ ಕರಾವಳಿಯ ದೊಡ್ಡ ಕೂಟವನ್ನು ಸೇರಿತು. ಅಲ್ಲಿ ಒಂಬತ್ತು ವರ್ಷಗಳವರೆಗೆ ದೂರದರ್ಶನದ ಹಣದಲ್ಲಿ ತನ್ನ ಪಾಲನ್ನು ಬೇಡುವುದಿಲ್ಲವೆಂದು ಒಪ್ಪಿಕೊಂಡೇ ಅದು ಒಳಹೊಕ್ಕಿತು. ಮರುವರ್ಷವೇ ಆಟಗಾರರಿಗೆ ನೇರವಾಗಿ ಹಣ ಕೊಡಬಹುದೆಂದು ನ್ಯಾಯಾಲಯದ ಒಪ್ಪಂದವಾಯಿತು. ಮೊದಲ ವರ್ಷಕ್ಕೆ ಒಂದೊಂದು ವಿದ್ಯಾಪೀಠಕ್ಕೆ ಗೊತ್ತುಮಾಡಿದ ಮಿತಿಯು ಸುಮಾರು 2 ಕೋಟಿ 5 ಲಕ್ಷ ಡಾಲರು. ಡಲ್ಲಾಸಿನ ದಾನಿಗಳು ಆ ವೇಳೆಗಾಗಲೇ ತಮ್ಮ ಹಣದ ಚೀಲಗಳನ್ನು ಬಿಚ್ಚಿದ್ದರು.