ಕನ್ನಡಿ ಹೋಯ್ತು, ವಿಡಿಯೋ ಬಂತು | ಕ್ಯಾಮೆರಾ ಕಥೆ 3 📷

ನಂಜನಗೂಡಲ್ಲಿ ಕಪಿಲಾ ಮೇಲಿನ ಹಳೇ ಸೇತುವೆ ನೋಡಿದ್ದೀರಲ್ಲ? 1735ರದ್ದು. ಫೋಟೋಗ್ರಫಿ ಜಗತ್ತಿಗೆ ಗೊತ್ತಾಗಿದ್ದು ಅದಾಗಿ ನೂರು ವರ್ಷದ ಮೇಲೆ, 1839ರಲ್ಲಿ. 1854ರಲ್ಲೇ ಲಿನೇಯಸ್ ಟ್ರೈಪ್ ಬೇಲೂರು, ಹಳೇಬೀಡಿನ ಫೋಟೋ ತೆಗೆದಿದ್ದ.

ಆಮೇಲೆ ಬಂದ ಎಸ್‌ಎಲ್‌ಆರ್ ಒಳಗೆ ಒಂದು ಕನ್ನಡಿ ಇತ್ತು, ಲೆನ್ಸಿನ ಬೆಳಕನ್ನ ಕಣ್ಣಿಗೆ ತಿರುಗಿಸೋಕೆ. 2008ರಲ್ಲಿ ಪ್ಯಾನಾಸೋನಿಕ್‌ನ ಲೂಮಿಕ್ಸ್ ಜಿ1 ಆ ಕನ್ನಡಿಯನ್ನೇ ತೆಗೆದುಹಾಕ್ತು. ಮೊದಲ ಮಿರರ್‌ಲೆಸ್ ಅದು, ಆದ್ರೆ ವಿಡಿಯೋನೇ ಇರಲಿಲ್ಲ! ವಿಡಿಯೋ ಬಂದಿದ್ದು 2009ರ ಜಿಎಚ್1ನಲ್ಲಿ.

ಈಗ ನಿಮ್ಮ ಬಜೆಟ್ಟಿಗೆ ಬನ್ನಿ. ನಿಕಾನ್ ಝಡ್30 (2022): 4ಕೆ ವಿಡಿಯೋ ಕ್ರಾಪ್ ಆಗಲ್ಲ, ಆದ್ರೆ ವ್ಯೂಫೈಂಡರ್ ಇಲ್ಲ. ಟಿ. ನರಸೀಪುರದ ಸಂಗಮದಲ್ಲಿ ಮಧ್ಯಾಹ್ನದ ಬಿಸಿಲಿಗೆ ಸ್ಕ್ರೀನ್ ಕಾಣೋದು ಕಷ್ಟ. ಕ್ಯಾನನ್ ಆರ್100 (2023): ವ್ಯೂಫೈಂಡರ್ ಇದೆ, 4ಕೆ ಕ್ರಾಪ್ ಆಗುತ್ತೆ. ರೀಲ್ಸ್ ಜಾಸ್ತಿ ಮಾಡೋರಿಗೆ ಮೊದಲನೇದು, ಫೋಟೋ ಜಾಸ್ತಿ ತೆಗೆಯೋರಿಗೆ ಎರಡನೇದು.

ಸೋಮನಾಥಪುರದ ಗುಡಿಯೊಳಗಿನ ಕತ್ತಲಲ್ಲಿ ಮಾತ್ರ ಬಾಡಿಗಿಂತ ಲೆನ್ಸ್ ಮುಖ್ಯ. ಕಿಟ್ ಲೆನ್ಸ್ ಝೂಮ್ ಮಾಡಿದಾಗ ಎಫ್/6.3. ಎಫ್/1.8 ಲೆನ್ಸ್ ಅದಕ್ಕಿಂತ 12 ಪಟ್ಟು ಬೆಳಕು ತರುತ್ತೆ. ಹೊಸ ಬಾಡಿಗೆ ಅಂತ ಅಪ್ಪ-ಅಮ್ಮನ ಮೇಲೆ ಇಎಂಐ ಹೊರಿಸ್ಬೇಡಿ. ಸೆಕೆಂಡ್ ಹ್ಯಾಂಡ್ ಬಾಡಿ, ಒಂದು ಒಳ್ಳೇ ಲೆನ್ಸ್ ಸಾಕು. ದೊಡ್ಡ ಜಾತ್ರೆ ತೇರು ನಿಮ್ಮ ಕ್ಯಾಮೆರಾ ರೇಟ್ ಕೇಳಲ್ಲ 🙂

ನೀವು ಜಾಸ್ತಿ ಮಾಡೋದು ಫೋಟೋನಾ, ವಿಡಿಯೋನಾ? ಕಮೆಂಟ್ ಮಾಡಿ.

#ನಂಜನಗೂಡು #ಟಿನರಸೀಪುರ #ಕ್ಯಾಮೆರಾಕಥೆ