ಕೊನೆಯ ರೊಟ್ಟಿ

ಬೆಳಗಾವಿಯ ನಮ್ಮ ಮನೆಯಲ್ಲಿ ಮೊದಲ ರೊಟ್ಟಿ ಆಕಳಿಗೆ, ಕೊನೆಯದು ನಾಯಿಗೆ. ಅತ್ತೆಯವರು ಒಂದು ದಿನವೂ ತಪ್ಪಿಸಿದವರಲ್ಲ. ಆದರೆ ಒಮ್ಮೆ ಟೆಂಪೋ ಬಡಿದು ಗಲ್ಲಿಯ ನಾಯಿ ನರಳುತ್ತ ಬಿದ್ದಾಗ, ರೊಟ್ಟಿ ಹಾಕುತ್ತಿದ್ದ ನಾವ್ಯಾರೂ ಅದನ್ನು ಎತ್ತಲಿಲ್ಲ.

ಕ್ರಿಸ್ಟಲ್ ರೋಜರ್ಸ್ ಎಂಬಾಕೆಯ ಕಥೆ ಓದಿದಾಗ ಆ ನಾಯಿ ಮತ್ತೆ ಕಣ್ಣ ಮುಂದೆ ಬಂತು. ಇಂಗ್ಲೆಂಡಿನ ಈ ಹೆಣ್ಣುಮಗಳು ದಿಲ್ಲಿ, ಜೈಪುರಗಳಲ್ಲಿ ಪ್ರಾಣಿಗಳ ಸೇವೆ ಮಾಡಿ, ಎಂಬತ್ತು ದಾಟಿದ ಮೇಲೆ 1991ರಲ್ಲಿ ಬೆಂಗಳೂರಿನಲ್ಲಿ ‘ಕ್ಯೂಪಾ’ ಆರಂಭಿಸಿದರು. ಹೆಸರಿನ ಅರ್ಥ: ಮಿತಿಯಿಲ್ಲದ ಕರುಣೆ, ಜೊತೆಗೆ ಕೆಲಸ. 1996ರಲ್ಲಿ ಅವರು ತೀರಿಕೊಂಡರು. ಜನರ ದೇಣಿಗೆ, ಸ್ವಯಂಸೇವಕರ ದುಡಿಮೆಯಿಂದ ಸಂಸ್ಥೆ ಬೆಳೆಯಿತು. ಗಾಯಗೊಂಡವಕ್ಕೆ ಚಿಕಿತ್ಸೆ, ಬೀದಿನಾಯಿಗಳಿಗೆ ಸಂತಾನಹರಣ ಶಸ್ತ್ರಚಿಕಿತ್ಸೆ ಮತ್ತು ಲಸಿಕೆ, ದಿಕ್ಕಿಲ್ಲದ ಮರಿಗಳಿಗೆ ಮನೆ.

ಕರುಣೆ ನಮ್ಮ ಅತ್ತೆಯವರಲ್ಲೂ ಇತ್ತು, ನನ್ನಲ್ಲೂ ಇತ್ತು. ಇಲ್ಲದ್ದು ಆ ‘ಜೊತೆಗೆ’ ಮಾತ್ರ.